ಗಾಜಿನ ಪೆಟ್ಟಿಗೆಯ ಕೊಬ್ಬರಿ

ತುರುವೇಕೆರೆ
24 ಅಕ್ಟೋಬರ್ 2024

ಭಾನು,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಉಪಯೋಗವಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ನೀನು "ಒಂದ್ನಿಮಿಷ ಕಣೇ, ಮೀಟಿಂಗ್‌ನಲ್ಲಿದೀನಿ" ಅನ್ನುತ್ತೀಯ. ಇಲ್ಲವೇ ನಾನು ಕೂಗಾಡುತ್ತೇನೆ, ಮಗು ಎದ್ದುಬಿಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಮಧ್ಯೆ ನಿನಗೆ ಬಾಯಿ ಹಾಕಲು ಬರುವುದಿಲ್ಲ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಓದಿ ಮುಗಿಸಿ ನಿಮ್ಮ ಕಲ್ಪಸೀಮೆ ಕಲಾ ಸಂಗ್ರಹಾಲಯದ ನಿರ್ದೇಶಕರ ಮೇಜಿನ ಮೇಲೆ ಇದನ್ನು ಇಡು.

ಜೂನ್‌ನಲ್ಲಿ ನನ್ನ ಸೀಮಂತಕ್ಕೆ ನೀನು ಬಂದಿದ್ದೆ. ತಾಯಿ ಇಲ್ಲದವಳು ಅಂತ ನನ್ನ ಸೀಮಂತ, ಬಾಣಂತನ ಎರಡನ್ನೂ ಅತ್ತೆಯೇ ಮೈಮೇಲೆ ಹಾಕಿಕೊಂಡಿದ್ದರು. ನನ್ನ ಮಡಿಲು ತುಂಬಲು ಅಂತ ದಿನಾ ಮಧ್ಯಾಹ್ನ ಕೂತು ಐದು ಕೊಬ್ಬರಿ ಬಟ್ಟಲು ಕೆತ್ತಿದ್ದರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ್ದು. ಒಂದರಲ್ಲಿ ಬಳ್ಳಿ, ಒಂದರಲ್ಲಿ ಜೋಡಿ ಗಿಳಿ, ಒಂದರಲ್ಲಿ ಬರೀ ಜಾಲರಿ. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಚುಕ್ಕಿ ರಂಗೋಲಿ ಬೀಳುತ್ತಿತ್ತು. ನೀನು ಊಟ ಬಿಟ್ಟು ಅದರ ಮುಂದೆ ಕೂತೆ. ಕೊಬ್ಬರಿಯ ಫೋಟೊ ತೆಗೆದೆ, ಅತ್ತೆಯ ಕೈಗೆ ಚೂರಿ ಕೊಟ್ಟು ಕೈಯ ಫೋಟೊ ತೆಗೆದೆ. ಆಮೇಲೆ, "ನಮ್ಮಲ್ಲಿ 'ಮಡಿಲು' ಅಂತ ವಿಶೇಷ ಪ್ರದರ್ಶನ ಮಾಡ್ತಿದೀವಿ ಅಮ್ಮಾ, ಮೂರು ತಿಂಗಳ ಮಟ್ಟಿಗೆ ಕೊಡಿ" ಅಂದೆ.

ಅತ್ತೆಗೆ ಮನಸ್ಸಿರಲಿಲ್ಲ. "ಮಡಿಲಿಗೆ ಹಾಕಿದ್ದು ಹೊಸ್ತಿಲು ದಾಟಬಾರ್ದು ಮಗಾ. ಹೆರಿಗೆ ಆದ್ಮೇಲೆ ಅದನ್ನ ತುರಿದು ಅಂಟಿನುಂಡೆ ಕಟ್ಟಿ ಬಾಣಂತೀಗೆ ತಿನ್ನಿಸ್ಬೇಕು. ಯಾರ ಮಡಿಲಿಗೆ ಬಿತ್ತೋ ಅವ್ರ ಹೊಟ್ಟೆಗೇ ಹೋಗ್ಬೇಕು" ಅಂದರು. ಈ ಮಾತು ನಿನ್ನೆದುರಿಗೇ ಆಡಿದ್ದು ಭಾನು. ನೀನು ತಲೆಯಾಡಿಸಿದೆ. ಅಂಟಿನುಂಡೆ ಕಟ್ಟುವ ಹೊತ್ತಿಗೆ ವಾಪಸ್ ತಂದುಕೊಡುತ್ತೇನೆ ಅಂದೆ. ನಾನೂ ಬಾಯಿ ಹಾಕಿ "ಕೊಡಿ ಅತ್ತೆ, ನಾಲ್ಕು ಜನ ನೋಡ್ಲಿ" ಅಂದೆ. ಆಮೇಲೆ ಒಪ್ಪಿದರು.

ಜುಲೈನಲ್ಲಿ ಹೊಟ್ಟೆ ಹೊತ್ತುಕೊಂಡು ಪ್ರದರ್ಶನ ನೋಡಲು ಬಂದೆ, ಅತ್ತೆಯನ್ನೂ ಕರೆದುಕೊಂಡು. ಗಾಜಿನ ಪೆಟ್ಟಿಗೆ, ಮೇಲಿನಿಂದ ಹಳದಿ ಬೆಳಕು, ಪಕ್ಕದಲ್ಲಿ 'ಮುಟ್ಟಬೇಡಿ'. "ಇದೇನೇ ಜೀವಿ, ಕೊಬ್ಬರೀನ ಜೈಲಿಗೆ ಹಾಕವ್ರೆ" ಅಂತ ಅತ್ತೆ ನಕ್ಕರು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ಅದೇ ಮಾತು, ಅದೇ ನಗು.

ಮಗಳು ತನು ಹುಟ್ಟಿ ತಿಂಗಳಾಗಿತ್ತು, ಈ ತಿಂಗಳ ಮೊದಲ ವಾರ ನಿಮ್ಮ ವ್ಯಾನು ಬಂತು. ಥರ್ಮೋಕೋಲಿನ ಡಬ್ಬ, ಒಳಗೆ ಬಿಳಿ ಕಾಗದ ಸುತ್ತಿದ ಐದೂ ಬಟ್ಟಲು. ಜೊತೆಗೆ ಗಾಜಿನ ಕಟ್ಟು ಹಾಕಿಸಿದ ಪ್ರಶಂಸಾ ಪತ್ರ. ಅದರಲ್ಲಿ 'ಅಪೂರ್ವ ಕಲಾಕೃತಿ' ಅಂತ ಇತ್ತು. ಹುಳದ ಔಷಧಿ ಹೊಡೆದಿದೆ ಅಂತ ಎಲ್ಲೂ ಒಂದು ಸಾಲಿರಲಿಲ್ಲ. ಏನೋ ಘಾಟು ವಾಸನೆ ಇತ್ತು. ಅತ್ತೆ ಮೂಸಿ ನೋಡಿ, "ಮಂಡಿ ಕೊಬ್ಬರಿಗೆ ಗಂಧಕದ ಹೊಗೆ ಹಾಕಿರ್ತಾರಲ್ಲ, ಅಂಥದ್ದೇ. ಬಿಸಿಲಿಗಿಟ್ರೆ ಹೋಯ್ತದೆ" ಅಂದರು. ಕೊಬ್ಬರಿ ವ್ಯಾಪಾರದ ಮನೆ ನಮ್ಮದು. ಈ ಮನೆಯಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು. ತಾರಸಿಯ ಮೇಲೆ ಒಣಗಿಸಿ, ಬಿಸಿನೀರು ಬಟ್ಟೆಯಲ್ಲಿ ಒರೆಸಿ ತುರಿದರು. ಬೆಲ್ಲ, ಅಂಟು, ಉತ್ತುತ್ತೆ ಹಾಕಿ ಉಂಡೆ ಕಟ್ಟಿದರು. ನಾನು ತಿಂದೆ. ಬಾಣಲೆಗೆ ಅಂಟಿದ್ದನ್ನು ಅವರು ತಿಂದರು.

ಬಾಯಿ ತುಂಬ ಜೊಲ್ಲು, ವಾಂತಿ, ಕಣ್ಣು ಮಂಜು. ಪುನೀತ್ ಹೆಂಡತಿ, ತಾಯಿ ಇಬ್ಬರನ್ನೂ ಕಾರಿನಲ್ಲಿ ಹಾಕಿಕೊಂಡು ತಿಪಟೂರಿನ ಆಸ್ಪತ್ರೆಗೆ ಓಡಿದರು. ಅಲ್ಲಿ ವೈದ್ಯರು ಮೊದಲು ಕೇಳಿದ್ದೇನು ಗೊತ್ತಾ? "ಏನಮ್ಮ ಕುಡಿದೆ? ನಿಜ ಹೇಳು, ಮನೇಲಿ ಜಗಳಾನಾ?" ಬೆಳಗಿನಿಂದ ತಿಂದದ್ದನ್ನೆಲ್ಲ ನೆನಪು ಮಾಡಿಕೊಂಡು ನಿನಗೆ ಫೋನ್ ಮಾಡಿದೆ. ನಿನ್ನ ಬಾಯಲ್ಲಿ ಬಂದ ಮೊದಲ ಮಾತು ಇವತ್ತಿಗೂ ಕಿವಿಯಲ್ಲಿದೆ.

"ತಿಂದ್ರಾ? ಅಯ್ಯೋ, ಅದನ್ನ ಯಾಕೇ ತಿಂದ್ರಿ? ಅದು ಎಕ್ಸಿಬಿಟ್ ಕಣೇ!"

ಅದು ಕೊಬ್ಬರಿ ಕಣೇ ಭಾನು. ತಿನ್ನದೆ ಇನ್ನೇನು ಮಾಡಬೇಕಿತ್ತು?

ಹೊಡೆದ ಔಷಧಿಯ ಹೆಸರನ್ನು ನೀನು ವೈದ್ಯರಿಗೆ ಹೇಳಿದೆ. ಅದರಿಂದ ಬೇಗ ಸರಿಯಾದ ಮದ್ದು ಸಿಕ್ಕಿತು. ಆ ಉಪಕಾರವನ್ನು ಮರೆತಿಲ್ಲ. ಅದನ್ನು ಇಲ್ಲಿ ಬರೆದು ಮುಗಿಸಿದ್ದೇನೆ, ಇನ್ನು ಮೇಲೆ ಎತ್ತಬೇಡ.

ವಿಷದ ವಿಷಯ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕಂತೆ. ಪೇದೆಯೊಬ್ಬ ಮನೆಗೆ ಬಂದು ಜಗಲಿಯ ಮೇಲೆ ಕೂತು ಅತ್ತೆಯನ್ನು ವಿಚಾರಿಸಿದ. ಬೀದಿಯೆಲ್ಲ ನೋಡಿತು. ವೈದ್ಯರ ಹೇಳಿಕೆ ಬಂದ ಮೇಲೆ ಅವರು ಕೈಬಿಟ್ಟರು. ಅದನ್ನು ಬೀದಿ ನೋಡಲಿಲ್ಲ. ಈಗ ನಮ್ಮ ಬೀದಿಯಲ್ಲಿ ಆಡುವ ಮಾತು ಒಂದೇ: ವಿಮಲಮ್ಮ ಸೊಸೆಗೆ ವಿಷ ಹಾಕಿದಳು.

ನನಗೆ ನಿಮ್ಮಿಂದ ಬೇಕಾದದ್ದೂ ಒಂದೇ. ನಿಮ್ಮಲ್ಲಿ ಯಾರಾದರೂ ಬನ್ನಿ. ಹಗಲು ಹೊತ್ತಿನಲ್ಲಿ, ನಾಲ್ಕು ಜನರಿಗೆ ಕೇಳಿಸುವ ಹಾಗೆ, ಔಷಧಿ ಹೊಡೆದವರು ನಾವು, ಹೇಳದೆ ಕಳಿಸಿದವರು ನಾವು ಅಂತ ಅತ್ತೆಯ ಎದುರಿಗೆ ನಿಂತು ಹೇಳಿ.

ಜೀವಿತಾ


ತುಮಕೂರು
2 ನವೆಂಬರ್ 2024

ಪ್ರೀತಿಯ ಜೀವಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನೂ ಅಮ್ಮನೂ ಗುಣವಾಗಿದ್ದೀರಲ್ಲ, ಅದೇ ದೇವರ ದಯೆ. ಪಾಪು ಹೇಗಿದೆ?

ಕಾಗದವನ್ನು ನಿರ್ದೇಶಕರಿಗೆ ತೋರಿಸಿದೆ. ಅವರೂ ತುಂಬ ನೊಂದುಕೊಂಡರು. ಆದರೆ ಸಂಗ್ರಹಾಲಯದ ವಕೀಲರನ್ನು ಕೇಳಿದಾಗ, ಈ ವಿಷಯದಲ್ಲಿ ಬರವಣಿಗೆಯಲ್ಲಾಗಲಿ ಬಹಿರಂಗವಾಗಿಯಾಗಲಿ ಏನೂ ಹೇಳಬಾರದು ಅಂದರಂತೆ. ಪ್ರದರ್ಶನಕ್ಕೆ ಇಟ್ಟ ವಸ್ತುವನ್ನು ಯಾರೂ ತಿನ್ನುವುದಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ ಅನ್ನುವುದು ಅವರ ನಿಲುವು. ನನ್ನ ನಿಲುವಲ್ಲ ಜೀವಿ, ಅವರದು.

ಏನಾಯಿತು ಅಂತ ನಿನಗಾದರೂ ಗೊತ್ತಿರಲಿ. ಪ್ರದರ್ಶನ ಶುರುವಾದ ಕೆಲವೇ ದಿನಕ್ಕೆ ಗಾಜಿನೊಳಗೆ ಹುಳ ಕಾಣಿಸಿಕೊಂಡವು. ಪಕ್ಕದ ಪೆಟ್ಟಿಗೆಯಲ್ಲಿ ನೂರು ವರ್ಷದ ಹಳೆಯ ಸೀರೆಗಳಿದ್ದವು, ಬೇರೆ ಜಿಲ್ಲೆಯಿಂದ ನಂಬಿ ಕೊಟ್ಟದ್ದು. ಅವಕ್ಕೆ ಹುಳ ಹತ್ತಿದ್ದರೆ ಗತಿಯೇನು? ಗುತ್ತಿಗೆಯವರನ್ನು ಕರೆಸಿ ಸಿಂಪಡಿಸಿದೆವು. ಎಲ್ಲ ಸಂಗ್ರಹಾಲಯಗಳಲ್ಲೂ ಏನಾದರೊಂದು ಮಾಡುತ್ತಾರೆ. ವಾಪಸ್ ಕಳಿಸುವಾಗ ತಿಳಿಸುವುದು ತಪ್ಪಿಹೋಯಿತು. ಇಂಥವರದೇ ತಪ್ಪು ಅಂತ ಬೆರಳು ತೋರಿಸಲು ಆಗುವಂಥದ್ದಲ್ಲ.

ನನ್ನದು ವರ್ಷ ವರ್ಷ ಮುಂದುವರಿಸುವ ಕೆಲಸ. ಮಾರ್ಚ್‌ಗೆ ಮತ್ತೆ ಅವರ ಮುಂದೆ ನಿಲ್ಲಬೇಕು. ಬಂದು ಹೇಳು ಅಂದರೆ ಹೇಗೆ ಬರಲಿ? ಜನರ ಬಾಯಿ ನಾಲ್ಕು ದಿನ ಆಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ನೀನು ನಿದ್ದೆಗೆಟ್ಟು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹಾಲೂಡಿಸುವವಳು.

ಈ ಕಾಗದವನ್ನು ಓದಿ ಹರಿದುಹಾಕು.

ನಿನ್ನ ಗೆಳತಿ,
ಭಾನುಪ್ರಿಯಾ


ತುರುವೇಕೆರೆ
9 ನವೆಂಬರ್ 2024

ಭಾನು,

ಹರಿದುಹಾಕಿಲ್ಲ.

ಸಾಮಾನ್ಯ ತಿಳಿವಳಿಕೆ ಅಂದೆಯಲ್ಲ, ಯಾರ ಸಾಮಾನ್ಯ? ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಯವರೆಗೆ ಯಾವ ಮನೆಯ ಬಾಗಿಲನ್ನಾದರೂ ತಟ್ಟಿ ಕೇಳು, ಕೊಬ್ಬರಿ ಮನೆಗೆ ಬಂದರೆ ಏನು ಮಾಡುತ್ತೀರಿ ಅಂತ. ನಿಮ್ಮ ವಕೀಲರು ಬೆಳಗ್ಗೆ ಚಟ್ನಿಗೆ ಏನು ಹಾಕಿಸಿಕೊಳ್ಳುತ್ತಾರೆ?

'ಹಾಲೂಡಿಸುವವಳು' ಅಂತಲೂ ಬರೆದಿದ್ದೀಯ. ವೈದ್ಯರು ಹೇಳುವ ತನಕ ಹಾಲು ಕೊಡಬಾರದು ಅಂದಿದ್ದರು. ಎದೆ ಕಲ್ಲಾಗುತ್ತಿತ್ತು. ಲೋಟಕ್ಕೆ ಹಿಂಡಿ, ಯಾರೂ ತುಳಿಯದ ಕಡೆ ಅಂತ ಹಿತ್ತಲ ತೆಂಗಿನ ಬುಡಕ್ಕೆ ಚೆಲ್ಲಿ ಬರುತ್ತಿದ್ದೆ. ಒಳಗೆ ತನು ಹಸಿದು ಕಿರುಚುತ್ತಿದ್ದಳು, ಬಾಟಲಿಯನ್ನು ನಾಲಿಗೆಯಿಂದ ತಳ್ಳುತ್ತಿದ್ದಳು. ವೈದ್ಯರು ಕೊಡಬಹುದು ಅನ್ನುವಷ್ಟರಲ್ಲಿ ಹಾಲು ಅರ್ಧಕ್ಕರ್ಧ ಇಳಿದಿತ್ತು. ಈಗ ಬಾಟಲಿಯೇ ಗತಿ.

ನಿದ್ದೆ ಬರುವುದಿಲ್ಲ, ಅದು ನಿಜ. ತನುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯಾ ಅಂತ ನೋಡುತ್ತಿರುತ್ತೇನೆ. ಅನ್ನ ಮೂಸಿ ತಿನ್ನುತ್ತೇನೆ, ನೀರು ಮೂಸಿ ಕುಡಿಯುತ್ತೇನೆ. ಪುನೀತ್ "ಬುಡು ಜೀವಿ, ಎಲ್ಲಾ ಹುಷಾರಾಗಿದೀವಲ್ಲ" ಅನ್ನುತ್ತಾರೆ. ಎಲ್ಲರೂ ಹುಷಾರಾಗಿಲ್ಲ.

ಅತ್ತೆ ಮಗುವನ್ನು ಮುಟ್ಟುತ್ತಿಲ್ಲ. ಹುಟ್ಟಿದ ದಿನದಿಂದ ಅವರೇ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಎರೆಯುತ್ತಿದ್ದರು. ಮೂಗು ತೀಡಿ, ಕೈಕಾಲು ನೀವಿ, ಏನೇನೋ ಹೇಳಿಕೊಂಡು. ಈಗ ಬಚ್ಚಲಿಗೆ ನೀರು ಕಾಯಿಸಿಟ್ಟು ಆಚೆಗೆ ಹೋಗಿಬಿಡುತ್ತಾರೆ. ಕರೆದರೆ, "ನನ್ನ ಕೈ ಬ್ಯಾಡ ಮಗಾ, ನೀನೇ ಎರ್ಕೊ." ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಾರೆ, ಪಾತ್ರೆ ತೊಳೆಯುತ್ತಾರೆ. ಹಿಟ್ಟಿಗೆ ಉಪ್ಪು ಹಾಕಲು ನನ್ನನ್ನು ಕೂಗುತ್ತಾರೆ.

ಮೊನ್ನೆ ಎದುರುಮನೆಯ ತಿಮ್ಮಕ್ಕ ಮಗು ನೋಡಲು ಅಂತ ಬಂದಳು. ಅತ್ತೆ ಹಿತ್ತಲಿಗೆ ಹೋದದ್ದೇ ನನ್ನ ಕಿವಿಗೆ ಬಗ್ಗಿದಳು.

"ತವ್ರಿದ್ದಿದ್ರೆ ನಿಂಗೆ ಹಿಂಗಾಯ್ತಿತ್ತಾ? ಹೆಣ್ಣು ಹೆತ್ತೋಳ್ಗೆ ಅಂಟಿನುಂಡೆ ಬೇರೆ ಕೇಡು ಅಂತ ಹಾಕ್ಬುಟ್ಳೇನೋ ಕಣವ್ವ."

"ಯಾರು ತಿಮ್ಮಕ್ಕ ಹಂಗಂದೋರು?" ಅಂತ ಕಿರುಚಿದೆ. "ಎದ್ದೋಗು ನಮ್ಮನೆಯಿಂದ."

"ನಾನೇನಂದೆ ಈಗ? ಊರೋರು ಅನ್ನೋದನ್ನ ಅಂದೆ. ಬಾಣಂತಿ ಹಿಂಗೆ ಕೂಗಬಾರ್ದು, ನಂಜಾಯ್ತದೆ" ಅಂತ ನನಗೇ ಬುದ್ಧಿ ಹೇಳಿ ಹೋದಳು. ಒಳಗೆ ಬಂದು ನೋಡಿದರೆ ಅತ್ತೆ ಹಿತ್ತಲ ಬಾಗಿಲ ಹಿಂದೆಯೇ ನಿಂತಿದ್ದರು.

ನಿನ್ನ ಮಾರ್ಚ್ ತಿಂಗಳು ನನಗೆ ಅರ್ಥವಾಗುತ್ತದೆ. ನಾನೂ ಎಂ.ಎ. ಮಾಡಿದವಳು, ಮೂರು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಥದ್ದೇ ಮಾರ್ಚ್‌ಗೆ ಹೆದರಿಕೊಂಡು ಪಾಠ ಮಾಡಿದವಳು. ಆದರೆ ನಿನ್ನ ಕೆಲಸ ಉಳಿಯಲಿ ಅಂತ ಅತ್ತೆ ಕೊಲೆಗಾತಿಯಾಗಿ ಬದುಕಬೇಕಾ? ಉತ್ತರ ಬರಿ.

ಜೀವಿತಾ


ತುರುವೇಕೆರೆ
12 ಡಿಸೆಂಬರ್ 2024

ಭಾನುಪ್ರಿಯಾ ಅವರಿಗೆ,

ನನ್ನ ಕೊನೆಯ ಕಾಗದಕ್ಕೆ ಉತ್ತರವಿಲ್ಲ. ಉತ್ತರ ಬಸ್‌ ನಿಲ್ದಾಣದ ಗೋಡೆಯ ಮೇಲೆ ಬಂದಿದೆ.

'ಕೈ: ನಮ್ಮ ಸೀಮೆಯ ಅಡುಗೆಮನೆಯ ಕಲೆ. ವಿಶೇಷ ಪ್ರದರ್ಶನ. ಉದ್ಘಾಟನೆ ಜನವರಿ 19.' ನಡುವೆ ಬಾಗಿಲಷ್ಟು ದೊಡ್ಡದಾಗಿ ಅತ್ತೆಯ ಎರಡು ಕೈ, ಚೂರಿ, ಗಿಳಿಯ ಬಟ್ಟಲು. ಸೀಮಂತದ ದಿನ ತೆಗೆದ ಫೋಟೊ. ಹಸಿರು ಬಳೆ ಗುರುತು ಸಿಗುತ್ತದೆ, ಎಡಗೈ ಹೆಬ್ಬೆರಳಿನ ಸುಟ್ಟ ಕಲೆ ಗುರುತು ಸಿಗುತ್ತದೆ. ಕೇಳಿದಿರಾ? ಯಾರನ್ನು ಕೇಳಿದಿರಿ? ಸತ್ಯ ಹೇಳಲು ವಕೀಲರನ್ನು ಕೇಳಬೇಕು. ಅವರ ಕೈ ಗೋಡೆಗೆ ಅಂಟಿಸಲು ಯಾರನ್ನೂ ಕೇಳಬೇಕಾಗಿಲ್ಲ.

ತನುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತಿದ್ದೆವು. ಅತ್ತೆಯನ್ನು ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆ, ಮನೆಯಿಂದ ಆಚೆ ಬಂದರೆ ಮನಸ್ಸು ಹಗುರಾಗಲಿ ಅಂತ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಪಕ್ಕೆ ತಿವಿದಳು. "ಅದೇ ಕೈ ನೋಡೇ" ಅಂದಳು. ಮೆಲ್ಲಗೆ ಹೇಳುವ ಯೋಚನೆಯೂ ಇರಲಿಲ್ಲ ಅವಳಿಗೆ. ಅತ್ತೆ ಗೋಡೆ ನೋಡಿದರು. ಆಮೇಲೆ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡರು, ಕದ್ದ ಸಾಮಾನನ್ನು ಮುಚ್ಚಿಟ್ಟುಕೊಳ್ಳುವ ಹಾಗೆ.

ಮಗುವನ್ನು ಹೆಗಲಿಗೆ ಹಾಕಿಕೊಂಡೇ ಹೋಗಿ ಪೋಸ್ಟರು ಕಿತ್ತೆ. ಹಸಿ ಅಂಟು, ಪೂರ್ತಿ ಬರಲಿಲ್ಲ, ಉಗುರಿನಲ್ಲಿ ಕೆರೆದೆ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು "ಏನಕ್ಕಾ, ಹೀರೋ ಮೇಲೆ ಅಷ್ಟು ಕ್ವಾಪಾನಾ?" ಅಂತ ಕೇಳಿದ. ಜನ ನಕ್ಕರು. "ಇದು ನಮ್ಮತ್ತೆ ಕೈ ಕಣಯ್ಯಾ" ಅಂದೆ. ನಗು ನಿಂತಿತು. ತಾಲ್ಲೂಕು ಕಚೇರಿ ಮುಂದೆ ಇನ್ನೊಂದಿತ್ತು, ಅದನ್ನೂ ಕಿತ್ತೆ. ಹರಿದ ಚೂರುಗಳನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಸಂಗ್ರಹಕ್ಕೆ ಸೇರಿಸಿಕೊಳ್ಳಿ. ಹುಳ ಹತ್ತದಂತೆ ಔಷಧಿ ಹೊಡೆಯಿರಿ, ಇದನ್ನು ನಾವು ತಿನ್ನುವುದಿಲ್ಲ.

ಜೀವಿತಾ


ತುಮಕೂರು
30 ಡಿಸೆಂಬರ್ 2024

ಜೀವಿ,

'ಅವರಿಗೆ' ಅಂತ ಬರೆದಿದ್ದೀಯ. ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳಿಗೆ. ಇರಲಿ.

ಪೋಸ್ಟರಿಗೆ ನಾನು ಕಾರಣಳಲ್ಲ ಅಂದರೆ ಸುಳ್ಳಾಗುತ್ತದೆ. ಫೋಟೊ ನನ್ನ ಕಂಪ್ಯೂಟರಿನಲ್ಲಿತ್ತು, ಆರಿಸಿದ್ದು ಬೇರೆಯವರು, ನಾನು ಬೇಡ ಅನ್ನಲಿಲ್ಲ. ತುರುವೇಕೆರೆಯಲ್ಲಿ ಇನ್ನು ಅಂಟಿಸಬೇಡಿ ಅಂತ ಹೇಳಿದ್ದೇನೆ.

ಒಂದು ಒಳ್ಳೆಯ ಸುದ್ದಿ. ಉದ್ಘಾಟನೆಯ ದಿನ ಅಮ್ಮನಿಗೆ ಸನ್ಮಾನ ಮಾಡಬೇಕು ಅಂತ ನಿರ್ದೇಶಕರೇ ಹೇಳಿದ್ದಾರೆ. ಶಾಲು, ಹಾರ, ಫಲಪುಷ್ಪ. ವೇದಿಕೆಯ ಮೇಲೆ ಕೂತು ಎಲ್ಲರೆದುರು ಒಂದು ಬಟ್ಟಲು ಕೆತ್ತಿ ತೋರಿಸಿದರೆ ಇನ್ನೂ ಚೆನ್ನ. ಪತ್ರಿಕೆಯವರು ಬರುತ್ತಾರೆ. ಅಮ್ಮನ ಹೆಸರು ಊರಿಗೆಲ್ಲ ಒಳ್ಳೆಯದಾಗಿ ಗೊತ್ತಾದರೆ ಆ ಮಾತು ತಾನಾಗಿಯೇ ಅಳಿಸಿಹೋಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಇದೂ ಒಂದು ರೀತಿಯ ಕ್ಷಮೆ ಅಂತ ತಿಳಿದುಕೋ. ಇದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ಆಮಂತ್ರಣ ಪತ್ರಿಕೆ ಇಟ್ಟಿದ್ದೇನೆ. ಕಾರು ಕಳಿಸುತ್ತೇವೆ.

ಭಾನು


ತುರುವೇಕೆರೆ
6 ಜನವರಿ 2025

ಭಾನು,

ಆಮಂತ್ರಣ ಪತ್ರಿಕೆಯನ್ನು ಅತ್ತೆಗೆ ಓದಿ ಹೇಳಿದೆ. ಓದಬಾರದು ಅಂದುಕೊಂಡಿದ್ದೆ, ಆದರೆ ಅದರ ಮೇಲೆ ಇರುವುದು ಅವರ ಹೆಸರು. ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ ಅಂದರು: "ಅವ್ರು ನಂಗೆ ಶಾಲು ಹೊದಿಸಿದ್ರೆ ಊರೋರು ಏನಂತಾರೆ ಗೊತ್ತಾ? ಸೊಸೆಗೆ ವಿಷ ಹಾಕಿದ್ದಕ್ಕೆ ಸನ್ಮಾನ ಅಂತಾರೆ."

ಆಮೇಲೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಜೀವಿ, ಒಂದು ಕೇಳ್ತೀನಿ, ನಿಜ ಹೇಳು. ಅವ್ರು ಔಷ್ದಿ ಹೊಡೆದಿದ್ದು ಹೌದಾ? ಇಲ್ಲಾ ನನ್ನ ಸಮಾಧಾನಕ್ಕೆ ಅಂತ ನೀನೂ ಪುನೀತನೂ ಮಾತಾಡ್ಕೊಂಡು ಹೇಳ್ತಿದೀರಾ?"

"ಇಲ್ಲ ಅತ್ತೆ, ಭಾನು ನನ್ನ ಹತ್ರಾನೇ ಹೇಳಿದ್ಲು."

"ಹಂಗಾದ್ರೆ ಯಾಕೆ ಒಬ್ರೂ ಬಂದು ಹೇಳ್ನಿಲ್ಲ? ನಂಗೂ ಕಣ್ಣು ಮಬ್ಬು. ಮೆಣಸಿನ ಗಿಡಕ್ಕೆ ಹೊಡೆಯೋ ಡಬ್ಬ ಹಿತ್ತಲ ಗೂಡಲ್ಲಿತ್ತು. ಅದನ್ನ ಎತ್ತಿಟ್ಟ ಕೈಯಲ್ಲೇ ಕೊಬ್ಬರಿ ತುರಿದ್ನೇನೋ. ಜ್ಞಾಪ್ಕಕ್ಕೇ ಬತ್ತಿಲ್ಲ ಮಗಾ. ಎಷ್ಟು ನೆನಸ್ಕೊಂಡ್ರೂ ಬತ್ತಿಲ್ಲ."

ನಿನ್ನ ಹಳೆಯ ಕಾಗದವನ್ನು ತಂದು ತೋರಿಸಿದೆ. ಅವರಿಗೆ ಓದು ಅಷ್ಟಕ್ಕಷ್ಟೆ. ಕಾಗದದ ಮೇಲೆ ಕಣ್ಣಾಡಿಸಿ, "ಸಮಾಧಾನಕ್ಕೆ ಕಾಗ್ದಾನೂ ಬರೀಬೋದು" ಅಂದರು.

ಇಷ್ಟು ದಿನ ನಾನು ಬೀದಿಯವರ ಮಾತಿಗೆ ಹೆದರಿಕೊಂಡಿದ್ದೆ. ಈ ಮಾತು ಅತ್ತೆಯ ತಲೆಯೊಳಗೇ ಬೇರೂರಿದೆ. ತಾನೇ ಹಾಕಿರಬಹುದು ಅಂತ ಅವರು ನಂಬಲು ಶುರು ಮಾಡಿದ್ದಾರೆ ಭಾನು. ನೀವು ಸುಮ್ಮನಿದ್ದ ಒಂದೊಂದು ದಿನಕ್ಕೂ ಅದು ಹೆಚ್ಚಾಗಿದೆ.

ಆದ್ದರಿಂದ ಕೇಳು. ನೀವು ಬರದಿದ್ದರೆ ಹತ್ತೊಂಬತ್ತಕ್ಕೆ ನಾವೇ ಬರುತ್ತೇವೆ, ನಿಮ್ಮ ಕಾರು ಬೇಡ. ನೀವು ದೀಪ ಹಚ್ಚುವಾಗ ನಾನು ತನುವನ್ನು ಎತ್ತಿಕೊಂಡು ದೀಪದ ಪಕ್ಕ ನಿಲ್ಲುತ್ತೇನೆ. ಪತ್ರಿಕೆಯವರು ಇರುತ್ತಾರೆ ಅಂದೆಯಲ್ಲ, ಒಳ್ಳೆಯದಾಯಿತು. ನನ್ನನ್ನು ಹೊರಗೆ ಹಾಕಲು ನಿಮ್ಮ ಕಾವಲಿನವನಿಗೆ ಹೇಳಿಡು, ನಾನು ತುಂಬ ಜೋರಾಗಿ ಕೂಗುತ್ತೇನೆ. ಅದು ನಿನಗೆ ಗೊತ್ತು.

ಜೀವಿತಾ


ತುಮಕೂರು
13 ಜನವರಿ 2025

ಜೀವಿ,

ನೀನು ಬರಬೇಡ. ನಾನು ಬರುತ್ತೇನೆ, ಗುರುವಾರ. ಇಲ್ಲಿ ಯಾರಿಗೂ ಹೇಳಿಲ್ಲ.

ಹಾರ, ಹಣ್ಣು ಏನೂ ತರುವುದಿಲ್ಲ.

ಭಾನು


ತುರುವೇಕೆರೆ
27 ಜನವರಿ 2025

ಭಾನು,

ನೀನು ಬಂದು ಹೋದ ಮೇಲೆ ಬರೆಯಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೆ. ನೀನು ಅಳುತ್ತಾ ಹೊರಟೆ. ಆಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗಬೇಕಾದದ್ದು ನ್ಯಾಯ.

ಅವತ್ತು ಅಂಗಳದಲ್ಲಿ ಕೊಬ್ಬರಿ ಚಿಪ್ಪು ಬಿಡಿಸುವ ಹೆಂಗಸರು ಅಷ್ಟೊಂದು ಜನ ಇದ್ದದ್ದು ಆಕಸ್ಮಿಕ ಅಂದುಕೊಂಡಿದ್ದರೆ, ಅಲ್ಲ. ಗುರುವಾರವೇ ಬನ್ನಿ ಅಂತ ನಾನೇ ಹೇಳಿ ಕಳಿಸಿದ್ದೆ. ತಿಮ್ಮಕ್ಕನನ್ನು ಕೈಹಿಡಿದು ಕರೆತಂದು ಕೂರಿಸಿದ್ದೆ.

ನೀನು ಜಗಲಿಯ ಹತ್ತಿರ ನಿಂತು, "ಸಂಗ್ರಹಾಲಯದ ಕಡೆಯಿಂದ ಒಂದು ಪ್ರಮಾದ ಆಗಿದೆ" ಅಂತ ಶುರು ಮಾಡಿದಾಗ ನನಗೆ ಮೈಯೆಲ್ಲ ಉರಿಯಿತು. ಅಷ್ಟು ದೂರದಿಂದ ಬಂದೂ ಅದೇ ಭಾಷೆ. ನಾನು ಬಾಯಿ ತೆಗೆಯುವ ಮೊದಲೇ ತಿಮ್ಮಕ್ಕ ಕೇಳಿದಳು: "ಅಂಗಂದ್ರೇನವ್ವ? ಬಿಡಿಸಿ ಹೇಳು."

"ಕೊಬ್ಬರಿಗೆ ಔಷಧಿ ಹೊಡೆದಿದ್ರು. ಹೇಳದೆ ವಾಪಸ್ ಕಳಿಸಿದ್ರು."

"ಯಾರು?"

ಚಿಪ್ಪಿನ ಸದ್ದು ನಿಂತುಹೋಗಿತ್ತು. ನೀನು ನನ್ನ ಕಡೆ ನೋಡಿದೆ. ನಾನು ಮುಖ ತಿರುಗಿಸಲಿಲ್ಲ, ನೆನಪಿದೆಯಾ?

"ನಾನು" ಅಂದೆ ನೀನು. "ಹೊಡೆಸಿದ್ದೂ ನಾನೇ, ಹೇಳದೆ ಇದ್ದಿದ್ದೂ ನಾನೇ. ಔಷಧಿ ಹೊಡೆದಿದ್ದು ಗೊತ್ತಾದ್ರೆ ಮುಂದಿನ ಪ್ರದರ್ಶನಕ್ಕೆ ಯಾರೂ ಏನೂ ಕೊಡಲ್ಲ ಅಂತ ಸುಮ್ನಿದ್ದೆ. ಇಷ್ಟು ಚೆಂದದ್ದನ್ನ ಅಷ್ಟು ಜನ ನೋಡಿ ಹೊಗಳಿದ ಮೇಲೆ ಇನ್ನು ತಿನ್ನಲ್ಲ, ಶೋಕೇಸಿನಲ್ಲಿ ಇಡ್ತಾರೆ ಅಂದ್ಕೊಂಡೆ."

ನಿನ್ನ ಮೊದಲ ಕಾಗದದಲ್ಲಿ 'ತಪ್ಪಿಹೋಯಿತು' ಅಂತ ಬರೆದಿದ್ದೆ. ಇದನ್ನು ನನಗೂ ಹೇಳಿರಲಿಲ್ಲ ನೀನು.

ಅತ್ತೆ ಬಾಗಿಲಿಗೆ ಬಂದಿದ್ದರು. "ಏನಂದೆ? ಇನ್ನೊಂದ್ಸಲ ಅನ್ನು" ಅಂದರು. ನೀನು ಇನ್ನೊಂದು ಸಲ ಅಂದೆ. ಅವರು ಅಳುತ್ತಾರೆ ಅಂತ ನಾನು ಮಗುವನ್ನು ಎತ್ತಿಕೊಂಡು ಹತ್ತಿರ ಹೋದೆ. ಅವರ ಬಾಯಿಂದ ಬಂದದ್ದು ನಿನಗೂ ಗೊತ್ತು, ಆದರೂ ಬರೆಯುತ್ತೇನೆ. ಬರೆಯುವುದರಲ್ಲಿ ನನಗೊಂದು ತೃಪ್ತಿ ಇದೆ.

"ಮೂರು ತಿಂಗ್ಳಿಂದ ಕಣೇ! ಮೂರು ತಿಂಗ್ಳಿಂದ ನನ್ನ ಕೈಯ ನಾನೇ ನಂಬ್ದಂಗೆ ಮಾಡ್ಬುಟ್ಯಲ್ಲೇ! ಹಾಲಿಗೆ ಹೆಪ್ಪು ಹಾಕಕ್ಕೂ ಎದರ್ಕೊಂಡೆ. ಮೊಮ್ಮಗೀನ ಮುಟ್ನಿಲ್ಲ. ಎಣ್ಣೆ ಹಚ್ಚೋರಿಲ್ದೆ ಮಗು ಮೈ ಹೆಂಗಾಗೈತೆ ನೋಡು! ಬಾಣಂತಿ ತಿನ್ನೋದು ಅಂತ ನಿನ್ನ ಮುಂದೇನೇ ಹೇಳಿದ್ನಲ್ಲ, ಕಿವೀಲೇನು ಹತ್ತಿ ಇಟ್ಕೊಂಡಿದ್ಯಾ? ನಿನ್ನ ಗಾಜಿನ ಡಬ್ಬಕ್ಕೆ ಬೆಂಕಿ ಹಾಕ! ವಿಷ ಹೊಡ್ದು, ಕಾಗ್ದ ಸುತ್ತಿ, ಮೇಲೊಂದು ಹೊಗಳಿಕೆ ಪತ್ರಕ್ಕೆ ಕಟ್ಟು ಹಾಕ್ಸಿ ಕಳ್ಸಿದ್ಯಲ್ಲ, ಅದನ್ನ ಏನ್ ನನ್ನ ತಿಥಿಗೆ ಇಟ್ಕೊಳ್ಲಾ?"

ತಿಮ್ಮಕ್ಕ ಮಧ್ಯೆ ಬಂದಳು. "ಬುಡು ವಿಮಲಕ್ಕ, ಹುಡ್ಗಿ ಅಳ್ತವ್ಳೆ."

"ನೀನು ಸುಮ್ಕಿರೇ ತಿಮ್ಮಿ. ನಿನ್ನ ಸರದಿ ಇನ್ನೂ ಐತೆ."

ನೀನು ಅಷ್ಟಕ್ಕೆ ಹೊರಟೆ. ತಿಮ್ಮಕ್ಕನ ಸರದಿಯನ್ನು ನೀನು ನೋಡಲಿಲ್ಲ. ಊಟದ ಹೊತ್ತಿನವರೆಗೂ ನಡೆಯಿತು. ಅಂಗಳದಲ್ಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಬೈದರು. ಯಾರು ಯಾವಾಗ ಯಾವ ಬಾಗಿಲಲ್ಲಿ ಏನಂದರು ಅಂತ ಅವರಿಗೆ ಎಲ್ಲ ಗೊತ್ತಿತ್ತು. ಬೈಸಿಕೊಂಡವರು ತಲೆ ತಗ್ಗಿಸಿ ಚಿಪ್ಪು ಬಿಡಿಸಿದರು. ಒಬ್ಬಳಿಗೆ ನಗು ಬಂತು, ಅದಕ್ಕೂ ಬೈದರು. ನಾನು ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದೆ. ಇಷ್ಟು ದಿನ ಇಬ್ಬರ ಸಿಟ್ಟನ್ನೂ ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದೆ ಭಾನು. ಅವತ್ತು ಅತ್ತೆ ತಮ್ಮ ಪಾಲನ್ನು ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಕೊನೆಗೆ ನನ್ನ ಕಡೆ ತಿರುಗಿದರು. ನನಗೂ ಬಿತ್ತು. "ನೀನೇನು ಹಂಗೇ ನಿಂತಿದ್ದೀಯ? ಮಗು ಕತ್ತು ನೋಡು, ಹೆಂಗೆ ಹಿಡ್ಕೊಂಡಿದ್ದೀಯ! ಕೊಡು ಇತ್ಲಾಗೆ." ತನುವನ್ನು ಕಿತ್ತುಕೊಂಡು ಬಚ್ಚಲಿಗೆ ಹೋದರು. ಒಳಗಿನಿಂದ ನೀರಿನ ಸದ್ದು, ಮಗುವಿನ ಕಿರುಚಾಟ, ಅದಕ್ಕೂ ಅತ್ತೆಯ ಬೈಗುಳ.

ನಿನ್ನ ಕೆಲಸ ಹೋಯಿತಂತೆ. ಮಾರ್ಚ್‌ವರೆಗೂ ಕಾಯಲಿಲ್ಲವಂತೆ. ಪುನೀತ್ ಯಾರಿಂದಲೋ ಕೇಳಿಕೊಂಡು ಬಂದು ಹೇಳಿದರು. ಅದಕ್ಕೆ ನನಗೆ ಸಂತೋಷವೂ ಇಲ್ಲ, ದುಃಖವೂ ಇಲ್ಲ ಅಂತ ಬರೆದು ಹೊಡೆದುಹಾಕಿದ್ದೇನೆ, ಮೇಲೆ ಮಸಿ ಕಾಣುತ್ತದಲ್ಲ, ಅದೇ. ಸಂಕಟವಾಯಿತು. ಆದರೆ ಆ ಸಂಕಟಕ್ಕೆ ನನ್ನ ಸಿಟ್ಟು ಕರಗಲಿಲ್ಲ. ಅತ್ತೆ ಮೊನ್ನೆ "ಆ ಹುಡ್ಗಿ ಪಾಪ, ಬಂದು ನಿಂತ್ಕಂಡ್ಳಲ್ಲ, ಅಷ್ಟಾದ್ರೂ ಧೈರ್ಯ ಮಾಡಿದ್ಲು" ಅಂದರು. ಅದು ಅವರು ಹೇಳುವ ಮಾತು. ಅವರು ಹೇಳಿದರು ಅಂತ ನಾನೂ ಹೇಳಬೇಕಾಗಿಲ್ಲ. ಗೆಳತಿಯಾಗಿದ್ದವಳು ನನಗೆ, ಅವರಿಗಲ್ಲ.

ಈಗ ಮಧ್ಯಾಹ್ನ. ಮಗು ಅತ್ತೆಯ ಹತ್ತಿರ ಇದೆ. ನಾನು ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತೇನೆ, ಸಂಜೆಯವರೆಗೂ ಎಬ್ಬಿಸಬೇಡಿ ಅಂದಿದ್ದೇನೆ. ಸಿಟ್ಟಿದ್ದರೂ ನಿದ್ದೆ ಬರುತ್ತದೆ ಅಂತ ಈ ವಾರ ಗೊತ್ತಾಯಿತು. ನೀನು ಸದ್ಯಕ್ಕೆ ಬರೆಯಬೇಡ.

ಜೀವಿ